ಮೈಕೊಬ್ಬು ತೋರಿಸುವ ತೂಕದ ಮಷೀನು: ಎಂಟು ತಿಂಗಳು ಬಳಸಿದ ಮೇಲೆ

ಈ ಮಷೀನು ತೆಗೆದುಕೊಂಡಿದ್ದು ಮಾರ್ಚ್‌ನಲ್ಲಿ, ಕಾಫಿ ಕೆಲಸ ಮುಗಿದು ಕಣ ಖಾಲಿಯಾದ ವಾರ. ಬೆಲೆ ಸುಮಾರು 1,800 ರೂಪಾಯಿ. ಆನ್‌ಲೈನ್‌ನಲ್ಲಿ ತರಿಸಿದ್ದು. ಕೊಡಗಿನ ನಮ್ಮ ಕಾಫಿ ತೋಟದವರೆಗೆ ಕೊರಿಯರ್ ಬರುವುದಿಲ್ಲ, ಸುಂಟಿಕೊಪ್ಪಕ್ಕೆ ಹೋಗಿ ತರಬೇಕು. ಕಂಪನಿ ಹೆಸರು ಬರೆಯುತ್ತಿಲ್ಲ. ಈ ಬೆಲೆಗೆ ಸಿಗುವ ಮಷೀನುಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಕೆಲಸ ಮಾಡುತ್ತವೆ, ನಾನು ಹೇಳುವುದು ಬಹುತೇಕ ಎಲ್ಲಕ್ಕೂ ಹೊಂದುತ್ತದೆ.

ಸುಮ್ನೆ ಸಣ್ಣ ಆಗಬೇಕು ಅಂತ ತರಿಸಿದ್ದಲ್ಲ. ಎರಡು ವರ್ಷದ ಹಿಂದೆ ನಮ್ಮ ಅಕ್ಕನಿಗೆ ಸ್ತನದ ಕ್ಯಾನ್ಸರ್ ಆಯಿತು. ಆಗ ಅವಳಿಗೆ 57. ಮೈಸೂರಿನಲ್ಲಿ ಆಪರೇಷನ್, ಆಮೇಲೆ ಕೀಮೋ, ರೇಡಿಯೇಷನ್. ಮಡಿಕೇರಿಯಿಂದ ಮೈಸೂರು 120 ಕಿಲೋಮೀಟರ್ ಹತ್ತಿರ ಆಗುತ್ತದೆ, ನಮಗೆ ಸ್ವಲ್ಪ ಕಡಿಮೆ, ಆದರೂ ಆ ಏಳೆಂಟು ತಿಂಗಳು ನಾವು ಅರ್ಧ ಬದುಕಿದ್ದು ಕುಶಾಲನಗರದ ರಸ್ತೆಯಲ್ಲೇ ಅನ್ನಬಹುದು. ಈಗ ಅಕ್ಕ ಚೆನ್ನಾಗಿದ್ದಾಳೆ. ದಿನಾ ಒಂದು ಲೆಟ್ರೋಜೋಲ್ ಮಾತ್ರೆ ನುಂಗುತ್ತಾಳೆ, ಇನ್ನೂ ಮೂರು ವರ್ಷಕ್ಕಿಂತ ಜಾಸ್ತಿ ನುಂಗಬೇಕು.

ಅಕ್ಕ ನೋಡಲು ದಪ್ಪ ಇರಲಿಲ್ಲ. ಯಾರೂ ಅವಳನ್ನು ಗುಂಡಗಿದ್ದಾಳೆ ಅಂದಿದ್ದಿಲ್ಲ. ಸೀರೆ ಉಟ್ಟರೆ ಹೊಟ್ಟೆ ಅಷ್ಟಾಗಿ ಕಾಣುತ್ತಲೂ ಇರಲಿಲ್ಲ. ಆದರೆ ಮೈಸೂರಿನ ಡಾಕ್ಟರು ತೂಕ ಬರೆದುಕೊಂಡ ಮೇಲೆ ಒಂದು ಟೇಪ್ ತೆಗೆದು ಸೊಂಟದ ಸುತ್ತಳತೆ ನೋಡಿ ಅಂತ ನರ್ಸ್‌ಗೆ ಕೊಟ್ಟರು. 91 ಸೆಂಟಿಮೀಟರ್ ಬಂತು. "ಇದೂ ಮುಖ್ಯ ಅಮ್ಮ, ತೂಕ ಒಂದನ್ನೇ ನೋಡಿದರೆ ಸಾಲದು" ಅಂದರು. ಎದೆಯಲ್ಲಿ ಗಂಟು ಇಟ್ಟುಕೊಂಡು ಬಂದವಳಿಗೆ ಹೊಟ್ಟೆ ಅಳೆಯುವುದು ಯಾಕೆ ಅಂತ ನನಗೆ ಆವತ್ತು ಸಿಟ್ಟೇ ಬಂದಿತ್ತು. ಅರ್ಥ ಆಗಿದ್ದು ಆಮೇಲೆ. ಆ ಅರ್ಥ ಇಲ್ಲದೆ ಈ ಮಷೀನಿನ ಬಗ್ಗೆ ಬರೆದರೆ ಪ್ರಯೋಜನ ಇಲ್ಲ, ಅದಕ್ಕೇ ಈ ರಿವ್ಯೂ ಉದ್ದ ಆಗುತ್ತದೆ.

ಮೊದಲು ಮಷೀನು. ಗಾಜಿನ ಹಲಗೆ, ಮೇಲೆ ನಾಲ್ಕು ಸ್ಟೀಲ್ ಪಟ್ಟಿ. ಬರಿಗಾಲಲ್ಲಿ ನಿಂತರೆ ತೂಕ ಬರುತ್ತದೆ. ಇನ್ನೊಂದೈದಾರು ಸೆಕೆಂಡ್ ಅಲ್ಲಾಡದೆ ನಿಂತರೆ ಮೈಯಲ್ಲಿ ಕೊಬ್ಬು ಶೇಕಡಾ ಎಷ್ಟು ಅಂತ ಫೋನಿಗೆ ಬರುತ್ತದೆ. ಕೊಬ್ಬನ್ನು ಅದು ಕಣ್ಣಿಂದ ನೋಡುವುದಿಲ್ಲ. ಒಂದು ಪಾದದಿಂದ, ನಮಗೆ ಗೊತ್ತೇ ಆಗದಷ್ಟು ಸಣ್ಣ ಕರೆಂಟ್ ಬಿಟ್ಟು ಇನ್ನೊಂದು ಪಾದದಲ್ಲಿ ಹಿಡಿಯುತ್ತದೆ. ಮಾಂಸಖಂಡದಲ್ಲಿ ನೀರು ಜಾಸ್ತಿ, ಅಲ್ಲಿ ಕರೆಂಟ್ ಸಲೀಸಾಗಿ ಹೋಗುತ್ತದೆ. ಕೊಬ್ಬಿನಲ್ಲಿ ನೀರು ಕಡಿಮೆ, ಅಲ್ಲಿ ತಡೆ. ಎಷ್ಟು ತಡೆ ಸಿಕ್ಕಿತು ಅನ್ನುವುದಕ್ಕೆ ನಾವು ತುಂಬಿಸಿದ ಎತ್ತರ, ವಯಸ್ಸು, ಹೆಣ್ಣೋ ಗಂಡೋ ಅನ್ನುವುದನ್ನು ಸೇರಿಸಿ ಒಂದು ಲೆಕ್ಕ ಹಾಕುತ್ತದೆ. ಕರೆಂಟ್ ಓಡಾಡುವುದು ಬಹುಪಾಲು ಕಾಲು ಮತ್ತು ಕೆಳಹೊಟ್ಟೆಯಲ್ಲಿ. ಅದರ ಮೇಲಿನದ್ದೆಲ್ಲ ಅಂದಾಜು. ಕೈ ಅಂತೂ ಲೆಕ್ಕಕ್ಕೇ ಬರುವುದಿಲ್ಲ.

ಹಾಗಾಗಿ ಇದು ಕೊಡುವ ನಂಬರನ್ನು ರಕ್ತ ಪರೀಕ್ಷೆಯ ರಿಪೋರ್ಟ್ ಥರ ನೋಡಬೇಡಿ. ಮೊದಲ ವಾರ ನಾನು ಬೆಳಿಗ್ಗೆ ಒಮ್ಮೆ ರಾತ್ರಿ ಒಮ್ಮೆ ಹತ್ತಿ ತಲೆ ಕೆಡಿಸಿಕೊಂಡೆ. ಬೆಳಿಗ್ಗೆ 37, ರಾತ್ರಿ 34. ಒಂದೇ ದಿನದಲ್ಲಿ ಮೈಕೊಬ್ಬು ಹೀಗೆ ಏರಿಳಿಯುವುದಕ್ಕೆ ಸಾಧ್ಯವೇ ಇಲ್ಲ ಅಲ್ವಾ, ಬದಲಾಗಿದ್ದು ಮೈಯೊಳಗಿನ ನೀರು. ಜ್ವರ ಬಂದಾಗ, ಬೆವರಿದಾಗ, ಊಟ ಆದ ಕೂಡಲೇ, ಎಲ್ಲ ಸಲವೂ ಬೇರೆ ಬೇರೆ. ಈಗ ವಾರಕ್ಕೆ ಒಂದೇ ಸಲ, ಭಾನುವಾರ ಬೆಳಿಗ್ಗೆ ಎದ್ದು ಬಚ್ಚಲಿಗೆ ಹೋಗಿ ಬಂದ ಮೇಲೆ, ಕಾಫಿ ಕುಡಿಯುವ ಮೊದಲು ನಿಲ್ಲುತ್ತೇನೆ. ಹಾಗೆ ಮಾಡಿದರೆ ನಂಬರುಗಳು ಒಂದಕ್ಕೊಂದು ಹೊಂದುತ್ತವೆ.

ನಮ್ಮ ಕಡೆ ಮನೆಗಳಿಗೆ ಇನ್ನೆರಡು ತೊಂದರೆ ಇದೆ, ಪೆಟ್ಟಿಗೆ ಮೇಲೆ ಯಾರೂ ಬರೆದಿರುವುದಿಲ್ಲ. ನಮ್ಮದು ಹಳೆ ಮನೆ, ಕೆಂಪು ರೆಡ್ ಆಕ್ಸೈಡ್ ನೆಲ, ಅಲ್ಲಲ್ಲಿ ತಗ್ಗು. ಒಂದೇ ಗಂಟೆಯಲ್ಲಿ ನಡುಮನೆಯಲ್ಲಿ ಒಂದು ತೂಕ, ಅಡುಗೆಮನೆಯಲ್ಲಿ ಒಂದೂವರೆ ಕೆಜಿ ಬೇರೆ ತೂಕ. ಕೊನೆಗೆ ಹೊಸ ಬಚ್ಚಲಿನ ಹೊರಗೆ ಟೈಲ್ಸ್ ಹಾಕಿದ ಜಾಗ ಒಂದಿದೆ, ಅಲ್ಲೇ ಖಾಯಂ ಇಟ್ಟೆ. ಎರಡನೆಯದು ಕಾಲು. ತೋಟದಲ್ಲಿ ಓಡಾಡುವವರ ಹಿಮ್ಮಡಿ ಗಟ್ಟಿ ಇರುತ್ತದೆ, ಬೇಸಿಗೆಯಲ್ಲಿ ಒಡೆದೂ ಇರುತ್ತದೆ. ಒಣ ಚರ್ಮದಲ್ಲಿ ಕರೆಂಟ್ ಸರಿಯಾಗಿ ಹಿಡಿಯದೆ ಎರರ್ ತೋರಿಸುತ್ತದೆ. ಒದ್ದೆ ಬಟ್ಟೆಯಲ್ಲಿ ಪಾದ ಒರೆಸಿಕೊಂಡು ನಿಂತರೆ ಸರಿಹೋಗುತ್ತದೆ. ಇನ್ನೊಂದು ಮುಖ್ಯ ವಿಷಯ. ಪೇಸ್‌ಮೇಕರ್ ಹಾಕಿಸಿಕೊಂಡವರು, ಬಸುರಿಯರು ಇದನ್ನು ಬಳಸಬಾರದು. ನಮ್ಮ ಮಾವನವರಿಗೆ ಪೇಸ್‌ಮೇಕರ್ ಇದೆ. ಮಷೀನು ಬಂದ ದಿನ ಅವರೇ ಉತ್ಸಾಹದಿಂದ ಹತ್ತಲು ಹೋಗಿದ್ದರು, ಪುಣ್ಯಕ್ಕೆ ನಾನು ಆ ಸಣ್ಣಕ್ಷರದ ಕಾಗದ ಓದಿದ್ದೆ. ಇಂಥ ಮಾತನ್ನು ದೊಡ್ಡಕ್ಷರದಲ್ಲಿ, ಕನ್ನಡದಲ್ಲಿ ಹಾಕಬೇಕು. ಇದರಲ್ಲಿ ಬರೀ ಇಂಗ್ಲಿಷ್ ಇದೆ.

ನನ್ನ ದೊಡ್ಡ ತಕರಾರು ಮಾತ್ರ ಬೇರೆ. ಆ್ಯಪ್ ತೋರಿಸುವ ಹಸಿರು ಬಣ್ಣ.

ನನ್ನ ಎತ್ತರ 155 ಸೆಂಟಿಮೀಟರ್, ಮಾರ್ಚ್‌ನಲ್ಲಿ ತೂಕ 58 ಕೆಜಿ. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 24.1. ಆ್ಯಪ್ ಅದನ್ನು ಹಸಿರು ಪಟ್ಟಿಯಲ್ಲಿ ಇಟ್ಟು 'ನಾರ್ಮಲ್' ಅಂತ ತೋರಿಸಿತು, ಯಾಕೆಂದರೆ ಅದರೊಳಗೆ ಕೂತಿರುವ ಗೆರೆ 25. ಆ ಗೆರೆ ನಮ್ಮದಲ್ಲ. ನಮ್ಮ ದೇಶದ ಡಾಕ್ಟರುಗಳು 2009ರಲ್ಲಿ ಒಟ್ಟು ಸೇರಿ ಒಪ್ಪಿಕೊಂಡ ಲೆಕ್ಕದಲ್ಲಿ 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು. ಸೊಂಟದ ಸುತ್ತಳತೆ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90. ಇದಕ್ಕೆ ಕಾರಣ ಇದೆ. ಅಷ್ಟೇ ತೂಕದ ಯುರೋಪಿನವರಿಗೆ ಹೋಲಿಸಿದರೆ ನಮ್ಮ ಮೈಯಲ್ಲಿ ಮಾಂಸಖಂಡ ಕಡಿಮೆ, ಕೊಬ್ಬು ಜಾಸ್ತಿ, ಅದೂ ಹೊಟ್ಟೆ ಸುತ್ತ. ಈ ಮಷೀನು ಮಾರುವುದು ನಮ್ಮ ದೇಶದಲ್ಲಿ, ಆದರೆ ಸೆಟ್ಟಿಂಗ್ಸ್‌ನಲ್ಲಿ ಎಲ್ಲಿ ಹುಡುಕಿದರೂ ಆ ಗೆರೆ ಬದಲಾಯಿಸಲು ಆಗುವುದಿಲ್ಲ. ಕಂಪನಿಗೆ ಎರಡು ಸಲ ಬರೆದೆ. ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ ಅಂತ ಉತ್ತರ ಬಂತು.

ಅದೇ ಸ್ಕ್ರೀನಿನ ಕೆಳಗೆ ಕೊಬ್ಬು ಶೇಕಡಾ 36 ಅಂತ ಕಿತ್ತಳೆ ಬಣ್ಣದಲ್ಲಿತ್ತು. ಮೇಲೆ ಹಸಿರು, ಕೆಳಗೆ ಕಿತ್ತಳೆ. ಹೆಚ್ಚಿನವರು ಮೇಲಿನದ್ದು ನೋಡಿ ಇಳಿದುಬಿಡುತ್ತಾರೆ. ಅಕ್ಕ ತನ್ನ ಹಳೇ ತೂಕ ಹಾಕಿ ನೋಡಿದಳು, ಕಾಯಿಲೆ ಗೊತ್ತಾದ ದಿನ ಇದ್ದ ತೂಕ. ಅವಳದ್ದೂ ಹಸಿರು.

ಇದು ಬರೀ ನಮ್ಮ ಮನೆಯ ಕಥೆ ಅಲ್ಲ. ಅಮೆರಿಕದಲ್ಲಿ ಮುಟ್ಟು ನಿಂತ 3,460 ಹೆಂಗಸರನ್ನು, ಬಿಎಂಐ ನಾರ್ಮಲ್ ಇದ್ದವರನ್ನೇ ಆರಿಸಿ, ಎಕ್ಸ್‌ರೇ ಥರದ ಸ್ಕ್ಯಾನ್‌ನಲ್ಲಿ ಮೈಕೊಬ್ಬು ಅಳೆದು, ಸುಮಾರು 16 ವರ್ಷ ಅವರ ಆರೋಗ್ಯ ಗಮನಿಸಿದ್ದಾರೆ. 2019ರಲ್ಲಿ ಅಚ್ಚಾದ ಅಧ್ಯಯನ. ನಾರ್ಮಲ್ ತೂಕದವರಲ್ಲೇ ಕೊಬ್ಬು ಎಲ್ಲರಿಗಿಂತ ಜಾಸ್ತಿ ಇದ್ದ ಕಾಲು ಭಾಗದವರಿಗೆ, ಎಲ್ಲರಿಗಿಂತ ಕಡಿಮೆ ಇದ್ದ ಕಾಲು ಭಾಗದವರಿಗಿಂತ, ಈಸ್ಟ್ರೊಜನ್ ನಂಬಿ ಬೆಳೆಯುವ ಜಾತಿಯ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಎರಡು ಪಟ್ಟು ಇತ್ತು. ಎಲ್ಲರೂ ಹಸಿರು ಪಟ್ಟಿಯವರೇ. ಇದನ್ನು ಓದಿದ ದಿನ ನಾನು ಅಕ್ಕನಿಗೆ ಫೋನ್ ಮಾಡಿದೆ, ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಕೊಬ್ಬಿಗೂ ಎದೆಗೂ ಏನು ಸಂಬಂಧ ಅಂತ ನಾನು ಕೇಳಿದ್ದೆ. ಡಾಕ್ಟರು ಅಕ್ಕನ ಮಾತ್ರೆ ಚೀಟಿ ಹಿಡಿದುಕೊಂಡೇ ವಿವರಿಸಿದರು. ನನಗೆ ಅರ್ಥ ಆದ ಹಾಗೆ ಬರೆಯುತ್ತೇನೆ.

ಮುಟ್ಟು ನಿಂತ ಮೇಲೆ ಅಂಡಾಶಯ ಈಸ್ಟ್ರೊಜನ್ ಮಾಡುವುದನ್ನು ಬಹುಪಾಲು ನಿಲ್ಲಿಸುತ್ತದೆ. ಹಾಗಂತ ಮೈಯಲ್ಲಿ ಈಸ್ಟ್ರೊಜನ್ ಖಾಲಿ ಆಗುವುದಿಲ್ಲ. ಮೂತ್ರಪಿಂಡದ ಮೇಲೆ ಟೋಪಿ ಥರ ಕೂತಿರುವ ಅಡ್ರಿನಲ್ ಗ್ರಂಥಿ ಬೇರೊಂದು ಹಾರ್ಮೋನ್ ಬಿಡುತ್ತಿರುತ್ತದೆ. ಅದು ಗಂಡಸರ ಹಾರ್ಮೋನಿನ ಜಾತಿಯದ್ದು. ಕೊಬ್ಬಿನ ಅಂಗಾಂಶದಲ್ಲಿ ಅರೋಮಟೇಸ್ ಅನ್ನುವ ಕಿಣ್ವ ಇದೆ. ಅಡ್ರಿನಲ್‌ನಿಂದ ಬಂದದ್ದನ್ನು ಅದು ಈಸ್ಟ್ರೊಜನ್ ಆಗಿ ಮಾರ್ಪಡಿಸುತ್ತದೆ. ನಮ್ಮ ಲೆಕ್ಕದಲ್ಲಿ ಹೇಳಬೇಕೆಂದರೆ ಹಣ್ಣು ಕಾಫಿ ಬೇರೆ ಕಡೆಯಿಂದ ಬರುತ್ತದೆ, ಕೊಬ್ಬು ಅದರ ಸಿಪ್ಪೆ ಸುಲಿಯುವ ಪಲ್ಪರ್ ಮಷೀನು. ಪಲ್ಪರ್ ಎಷ್ಟು ದೊಡ್ಡದೋ ಪಾರ್ಚ್‌ಮೆಂಟ್, ಅಂದರೆ ಸುಲಿದ ಬೀಜ, ಅಷ್ಟು ಜಾಸ್ತಿ. ಸ್ತನದ ತುಂಬ ಕೊಬ್ಬೇ ಇರುವುದರಿಂದ ಈ ಕೆಲಸ ಹಾಲಿನ ಗ್ರಂಥಿಗಳ ಪಕ್ಕದಲ್ಲೇ ನಡೆಯುತ್ತದೆ, ರಕ್ತದಲ್ಲಿ ಸುತ್ತಿ ಬರಬೇಕು ಅಂತಲೂ ಇಲ್ಲ. ಈಸ್ಟ್ರೊಜನ್ ಆ ಗ್ರಂಥಿಯ ಕೋಶಗಳಿಗೆ ಬೆಳೆ, ಎರಡಾಗು ಅಂತ ಹೇಳುವ ಹಾರ್ಮೋನ್. ವರ್ಷಗಟ್ಟಲೆ ಹಾಗೆ ಹೇಳುತ್ತಲೇ ಇದ್ದರೆ ಎಲ್ಲೋ ಒಂದು ಕೋಶದಲ್ಲಿ ತಪ್ಪು ನಡೆಯುವ ಅವಕಾಶ ಜಾಸ್ತಿ ಆಗುತ್ತದೆ.

ಅಕ್ಕನ ಲೆಟ್ರೋಜೋಲ್ ಮಾಡುವುದು ಇದನ್ನೇ ತಡೆಯುವ ಕೆಲಸ. ಅರೋಮಟೇಸ್‌ಗೆ ಅಂಟಿಕೊಂಡು ಪಲ್ಪರ್ ನಿಲ್ಲಿಸುತ್ತದೆ. ಅನಾಸ್ಟ್ರೋಜೋಲ್, ಎಕ್ಸಿಮೆಸ್ಟೇನ್ ಅನ್ನುವ ಮಾತ್ರೆಗಳೂ ಇದೇ ಗುಂಪಿನವು. ದಿನಾ ಅವಳ ಮಾತ್ರೆ ಡಬ್ಬಿ ನೋಡುತ್ತಿದ್ದೆ, ಆ ಮಾತ್ರೆ ಕೆಲಸ ಮಾಡುವ ಜಾಗ ಮೈಕೊಬ್ಬು ಅಂತ ಅವತ್ತಿನವರೆಗೆ ಗೊತ್ತಿರಲಿಲ್ಲ.

ಈಸ್ಟ್ರೊಜನ್‌ಗೇ ಕಥೆ ಮುಗಿಯುವುದಿಲ್ಲ. ಹೊಟ್ಟೆ ಸುತ್ತ ಕೊಬ್ಬು ಏರಿದ ಹಾಗೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಅದಕ್ಕೆ ಮೈ ಇನ್ನಷ್ಟು ಇನ್ಸುಲಿನ್ ಬಿಡುತ್ತದೆ. ಇನ್ಸುಲಿನ್ನೂ ಕೋಶಗಳನ್ನು ಬೆಳೆಸುವ ಹಾರ್ಮೋನೇ. ಜೊತೆಗೆ ರಕ್ತದಲ್ಲಿ ಈಸ್ಟ್ರೊಜನ್ನನ್ನು ಕಟ್ಟಿಹಾಕಿ ಇಟ್ಟುಕೊಳ್ಳುವ ಒಂದು ಪ್ರೋಟೀನ್ ಇದೆ, ಲಿವರ್ ಮಾಡುತ್ತದೆ. ಇನ್ಸುಲಿನ್ ಜಾಸ್ತಿಯಾದರೆ ಲಿವರ್ ಅದನ್ನು ಕಡಿಮೆ ಮಾಡಿಬಿಡುತ್ತದೆ. ಕಟ್ಟು ಬಿಚ್ಚಿದ ಈಸ್ಟ್ರೊಜನ್ ಸುಲಭವಾಗಿ ಕೋಶದೊಳಗೆ ಹೋಗುತ್ತದೆ. ಅಂದರೆ ತಯಾರಾಗುವುದೂ ಜಾಸ್ತಿ, ಬಿಡುವಾಗಿ ಓಡಾಡುವುದೂ ಜಾಸ್ತಿ.

ನನ್ನನ್ನು ನಿಜವಾಗಿ ಬೆಚ್ಚಿಸಿದ್ದು ಇನ್ನೊಂದು. ಕೊಬ್ಬಿನ ಕೋಶ ಅಂದರೆ ಎಣ್ಣೆ ತುಂಬಿಟ್ಟ ಡಬ್ಬಿ ಅಂತ ನಾನು ಅಂದುಕೊಂಡಿದ್ದೆ. ಅದು ತುಂಬುತ್ತಾ ತುಂಬುತ್ತಾ ಉಬ್ಬಿ, ಸರಿಯಾಗಿ ಆಮ್ಲಜನಕ ಸಿಗದೆ ಸಾಯುತ್ತದಂತೆ. ಸತ್ತ ಕೋಶವನ್ನು ತಿಂದು ಸ್ವಚ್ಛ ಮಾಡಲು ರಕ್ಷಣಾ ಕೋಶಗಳು ಬಂದು ಸುತ್ತ ಮುತ್ತುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸತ್ತ ಕೋಶದ ಸುತ್ತ ಕಿರೀಟ ಇಟ್ಟ ಹಾಗೆ ಕಾಣುತ್ತದೆ, ವಿಜ್ಞಾನಿಗಳು ಅದಕ್ಕೆ ಕಿರೀಟದ ಹೆಸರನ್ನೇ ಇಟ್ಟಿದ್ದಾರೆ. ಆ ರಕ್ಷಣಾ ಕೋಶಗಳು ಬಿಡುವ ರಾಸಾಯನಿಕಗಳಿಂದ ಅಲ್ಲಿ ಸಣ್ಣ ಉರಿಯೂತ ಸದಾ ಇರುತ್ತದೆ. ನೋವಿಲ್ಲ, ಜ್ವರ ಇಲ್ಲ, ಗೊತ್ತೇ ಆಗುವುದಿಲ್ಲ. ಆ ಉರಿಯೂತವೇ ಪಕ್ಕದ ಕೊಬ್ಬಿನಲ್ಲಿ ಅರೋಮಟೇಸ್ ಇನ್ನೂ ಜಾಸ್ತಿ ಮಾಡಿಸುತ್ತದೆ. ಇದು ದಪ್ಪ ಇರುವವರ ಸ್ತನದಲ್ಲಿ ಜಾಸ್ತಿ ಕಂಡರೂ ನಾರ್ಮಲ್ ತೂಕದ ಕೆಲವರಲ್ಲೂ ಕಂಡಿದೆ. ಆ ಹಸಿರು ಪಟ್ಟಿ ಮೇಲೆ ನನಗೆ ಯಾಕೆ ಇಷ್ಟು ಕೋಪ ಅಂತ ಈಗ ಗೊತ್ತಾಗಿರಬೇಕು.

ಕೊಬ್ಬು ತಾನೇ ಬಿಡುವ ಹಾರ್ಮೋನುಗಳೂ ಇವೆ. ಲೆಪ್ಟಿನ್ ಕೊಬ್ಬು ಏರಿದ ಹಾಗೆ ಏರುತ್ತದೆ, ಅದು ಕ್ಯಾನ್ಸರ್ ಕೋಶಗಳನ್ನು ಹುರಿದುಂಬಿಸುವ ಕಡೆಗೆ. ಅಡಿಪೊನೆಕ್ಟಿನ್ ಅನ್ನುವುದು ಉರಿಯೂತ ತಗ್ಗಿಸುವ ಒಳ್ಳೆಯದು, ಅದು ಇಳಿಯುತ್ತದೆ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ತಪ್ಪು ತಿಳಿಯುತ್ತಾರೆ. ಇದು ಮುಖ್ಯವಾಗಿ ಮುಟ್ಟು ನಿಂತವರ ಲೆಕ್ಕ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ ಬೊಜ್ಜಿಗೂ 13 ಬಗೆಯ ಕ್ಯಾನ್ಸರಿಗೂ ಗಟ್ಟಿ ಸಂಬಂಧ ಇದೆ ಅಂದಾಗ ಆ ಪಟ್ಟಿಯಲ್ಲಿ ಮುಟ್ಟು ನಿಂತ ಮೇಲಿನ ಸ್ತನ ಕ್ಯಾನ್ಸರ್ ಅಂತಲೇ ಬರೆದಿದೆ. ಮುಟ್ಟು ಇರುವ ವಯಸ್ಸಿನಲ್ಲಿ ಉಲ್ಟಾ. 2018ರಲ್ಲಿ ಏಳೂವರೆ ಲಕ್ಷಕ್ಕಿಂತ ಜಾಸ್ತಿ ಹೆಂಗಸರ ಮಾಹಿತಿ ಸೇರಿಸಿ ನೋಡಿದಾಗ, ಮುಟ್ಟು ನಿಲ್ಲುವ ಮೊದಲು ತೂಕ ಜಾಸ್ತಿ ಇದ್ದವರಿಗೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಕಡಿಮೆಯೇ ಇತ್ತು. ನನ್ನ ಮಗಳು ಇದನ್ನು ಓದಿ ಹಾಗಾದರೆ ನನಗೇನೂ ಇಲ್ಲ ಅಂದಳು. ಇಲ್ಲ ಮಗಳೇ, ಇಪ್ಪತ್ತೆಂಟಕ್ಕೆ ಏರಿದ ತೂಕ ಐವತ್ತರಲ್ಲಿ ತಾನಾಗಿ ಇಳಿಯುವುದಿಲ್ಲ. ಜೊತೆಗೆ ಕಾಯಿಲೆ ಬಂದರೆ, ಯಾವ ವಯಸ್ಸಿನಲ್ಲೇ ಬರಲಿ, ಬೊಜ್ಜು ಇರುವವರಿಗೆ ಕಷ್ಟ ಜಾಸ್ತಿ. 2014ರಲ್ಲಿ 82 ಅಧ್ಯಯನಗಳನ್ನು, 2 ಲಕ್ಷಕ್ಕಿಂತ ಜಾಸ್ತಿ ರೋಗಿಗಳನ್ನು ಒಟ್ಟುಗೂಡಿಸಿ ನೋಡಿದ್ದಾರೆ. ಸ್ತನ ಕ್ಯಾನ್ಸರ್ ಬಂದವರಲ್ಲಿ ನಾರ್ಮಲ್ ತೂಕದವರಿಗೆ ಹೋಲಿಸಿದರೆ ಬೊಜ್ಜು ಇದ್ದವರು ಸಾಯುವ ಅಪಾಯ ಶೇಕಡಾ 41ರಷ್ಟು ಜಾಸ್ತಿ ಇತ್ತು.

ಈ ನಂಬರನ್ನು ನಾನು ಅಕ್ಕನಿಗೆ ಹೇಳಿಲ್ಲ. ಅವಳಿಗೆ ಆಗಿದ್ದ ನೋವು ಸಾಕು. ಕೀಮೋ ಟೈಮಿನಲ್ಲಿ ನೋಡಲು ಬಂದವರೊಬ್ಬರು, ನಮಗೆ ಬೇಕಾದವರೇ, ಪಕ್ಕದ ಕೋಣೆಯಲ್ಲಿ ನನಗೆ ಕೇಳುವ ಹಾಗೆ "ತಿಂದು ತಿಂದು ತಾನೇ ತಂದುಕೊಂಡಳು" ಅಂದರು. ಅಕ್ಕನಿಗೂ ಕೇಳಿತು. ಆಮೇಲೆ ಎರಡು ದಿನ ಅವಳು ಗಂಜಿ ಬಿಟ್ಟು ಏನೂ ಮುಟ್ಟಲಿಲ್ಲ. ದಯವಿಟ್ಟು ಯಾರಿಗೂ ಹಾಗೆ ಹೇಳಬೇಡಿ. ಸಣ್ಣಗೆ ಕಡ್ಡಿ ಥರ ಇರುವವರಿಗೂ ಈ ಕಾಯಿಲೆ ಬರುತ್ತದೆ. ವಯಸ್ಸು, ತಾಯಿಯಿಂದಲೋ ತಂದೆಯಿಂದಲೋ ಬಂದ ಜೀನ್, ಮಕ್ಕಳಾದ ವಯಸ್ಸು, ಹಾಲೂಡಿಸಿದ ಕಾಲ, ಕುಡಿತ, ಎಷ್ಟೋ ಕಾರಣಗಳು ಸೇರುತ್ತವೆ. ಒಬ್ಬರ ಗಂಟು ತೋರಿಸಿ ಇದು ಇದರಿಂದಲೇ ಬಂತು ಅಂತ ಯಾವ ಡಾಕ್ಟರೂ ಹೇಳುವುದಿಲ್ಲ. ಕೊಬ್ಬು ಆ ಕಾರಣಗಳಲ್ಲಿ ಒಂದು. ನಾವು ಕೈ ಹಾಕಬಹುದಾದ ಕೆಲವೇ ಕಾರಣಗಳಲ್ಲಿ ಒಂದು ಅನ್ನುವುದಕ್ಕಷ್ಟೇ ಇಷ್ಟು ಬರೆಯುತ್ತಿದ್ದೇನೆ.

ಮೇಲಾಗಿ ಅಕ್ಕನ ತೂಕ ಏರಿದ್ದು ಚಿಕಿತ್ಸೆಯಲ್ಲೇ. ಕೀಮೋ ಜೊತೆ ಕೊಡುವ ಸ್ಟಿರಾಯ್ಡ್‌ಗೆ ಹಸಿವು ಜಾಸ್ತಿ, ಓಡಾಟ ಇಲ್ಲ, ಮಾಂಸಖಂಡ ಕರಗಿತು, ಆರು ಕೆಜಿ ಸೇರಿತು. ಅವಳನ್ನು ಈ ಮಷೀನಿನ ಮೇಲೆ ನಿಲ್ಲಿಸಿದಾಗ ಮೊದಲ ಸಲ ಇದರ ನಿಜವಾದ ಉಪಯೋಗ ಕಂಡಿತು. ಮೂರು ತಿಂಗಳು ನಡೆದ ಮೇಲೆ ಅವಳ ತೂಕ ಒಂದೇ ಕೆಜಿ ಇಳಿದಿತ್ತು. ಬೇರೆ ತೂಕದ ಮಷೀನು ಆಗಿದ್ದರೆ ಬೇಜಾರಾಗಿ ಬಿಟ್ಟುಬಿಡುತ್ತಿದ್ದಳು. ಇದರಲ್ಲಿ ಕೊಬ್ಬು 39ರಿಂದ 36ಕ್ಕೆ ಇಳಿದದ್ದು ಕಂಡಿತು. ಅಂದಾಜು ನಂಬರೇ ಇರಲಿ, ಒಂದೇ ದಿನ ಒಂದೇ ಹೊತ್ತು ನೋಡಿದ ಅಂದಾಜು ಮೂರು ತಿಂಗಳು ಒಂದೇ ದಿಕ್ಕಿಗೆ ಹೋದರೆ ಅದಕ್ಕೆ ಬೆಲೆ ಇದೆ. ಆಪರೇಷನ್ ಆದ ಮೇಲೆ ಅವಳ ಎಡಗೈ ಊದಿಕೊಳ್ಳುತ್ತದೆ, ಅದರ ನೀರು ಲೆಕ್ಕ ಕೆಡಿಸಬಹುದು ಅಂತ ಹೆದರಿದ್ದೆ. ಕರೆಂಟ್ ಕೈಗೆ ಹೋಗುವುದಿಲ್ಲವಾದ್ದರಿಂದ ಅಷ್ಟು ತೊಂದರೆ ಆಗಲಿಲ್ಲ.

ಆ್ಯಪ್‌ನಲ್ಲಿ ಇನ್ನೂ ಹತ್ತು ನಂಬರ್ ಬರುತ್ತವೆ. ಒಳಗಿನ ಹೊಟ್ಟೆ ಕೊಬ್ಬು 9, ಮೂಳೆ ಇಷ್ಟು, 'ಮೈಯ ವಯಸ್ಸು' 61. ಪಾದದಿಂದ ಪಾದಕ್ಕೆ ಹೋದ ಕರೆಂಟ್‌ಗೆ ಕರುಳಿನ ಸುತ್ತಲಿನ ಕೊಬ್ಬು ಬೇರೆಯಾಗಿ ಕಾಣುವುದಿಲ್ಲ. ಮೈಯ ವಯಸ್ಸು ಅನ್ನುವುದನ್ನು ಯಾರೂ ನೋಡಲೇಬಾರದು. 53 ವಯಸ್ಸಿನವಳಿಗೆ 61 ಅಂತ ತೋರಿಸಿ ಏನು ಸಾಧಿಸುತ್ತಾರೋ. ಹೊಟ್ಟೆ ಕೊಬ್ಬು ತಿಳಿಯಬೇಕೆಂದರೆ ಟೈಲರ್ ಟೇಪ್ ತನ್ನಿ. ಕೆಳ ಪಕ್ಕೆಲುಬು ಮತ್ತು ಸೊಂಟದ ಮೂಳೆ ಎರಡರ ನಡುವೆ, ಉಸಿರು ಬಿಟ್ಟು, ಬಿಗಿ ಮಾಡದೆ ಸುತ್ತಿ. ಸೀರೆ ಉಡುವ ಜಾಗ ಅಲ್ಲ, ಅದಕ್ಕಿಂತ ಸ್ವಲ್ಪ ಮೇಲೆ. ನನ್ನದು ಮಾರ್ಚ್‌ನಲ್ಲಿ 88 ಇತ್ತು. ಈ ಕೆಲಸಕ್ಕೆ 1,800 ರೂಪಾಯಿ ಬೇಡ.

ಕೊಬ್ಬು ಇಳಿದರೆ ಒಳಗೆ ನಿಜವಾಗಿ ಬದಲಾಗುತ್ತದಾ ಅಂತ ನನಗೆ ಅನುಮಾನ ಇತ್ತು. ಅಮೆರಿಕದ ಸಿಯಾಟಲ್‌ನಲ್ಲಿ ಮುಟ್ಟು ನಿಂತ, ತೂಕ ಜಾಸ್ತಿ ಇದ್ದ 439 ಹೆಂಗಸರನ್ನು ಗುಂಪು ಮಾಡಿ ಒಂದು ವರ್ಷ ನೋಡಿದ್ದಾರೆ, 2012ರಲ್ಲಿ ಬಂತು. ಊಟ ಹದ ಮಾಡಿ ವ್ಯಾಯಾಮವನ್ನೂ ಮಾಡಿದ ಗುಂಪಿನವರ ತೂಕ ಶೇಕಡಾ 10ರಷ್ಟು ಇಳಿಯಿತು, ರಕ್ತದಲ್ಲಿ ಈಸ್ಟ್ರಡಯಾಲ್ ಅನ್ನುವ ಈಸ್ಟ್ರೊಜನ್ ಶೇಕಡಾ 20ರಷ್ಟು ಇಳಿಯಿತು, ಅದನ್ನು ಕಟ್ಟಿಹಾಕುವ ಪ್ರೋಟೀನ್ ಏರಿತು. ಪಲ್ಪರ್ ಸಣ್ಣದಾಯಿತು ಅಂತ ನಾನು ಅಕ್ಕನಿಗೆ ಹೇಳಿದೆ. ಹಾಗಂತ ಮಾತ್ರೆ ಬಿಡುವ ಹಾಗಿಲ್ಲ. ನಡಿಗೆ ಮಾತ್ರೆಯ ಜಾಗಕ್ಕೆ ಬರುವುದಿಲ್ಲ. ಲೆಟ್ರೋಜೋಲ್‌ನಿಂದ ಅಕ್ಕನಿಗೆ ಬೆಳಿಗ್ಗೆ ಎದ್ದಾಗ ಬೆರಳು, ಮಂಡಿ ಹಿಡಿದುಕೊಳ್ಳುತ್ತಿತ್ತು. ನಡೆಯಲು ಶುರು ಮಾಡಿದ ಮೇಲೆ ಅದೂ ಸ್ವಲ್ಪ ಸಡಿಲ ಆಯಿತು.

ಮಷೀನಿನ ಜೊತೆ ಆ್ಯಪ್ ಒಂದು 'ಪ್ಲಾನ್' ಕೊಡುತ್ತದೆ, ತಿಂಗಳಿಗೆ ದುಡ್ಡು ಕಟ್ಟಿದರೆ ಡಯಟೀಷಿಯನ್ ಫೋನ್ ಮಾಡುತ್ತಾರೆ. ಒಂದು ತಿಂಗಳು ಕಟ್ಟಿ ನೋಡಿದೆ. ಓಟ್ಸ್, ಆಲಿವ್ ಎಣ್ಣೆ, ಬ್ರೊಕೊಲಿ, ಬೆಳಿಗ್ಗೆ ಐದೂವರೆಗೆ 45 ನಿಮಿಷ ಹೊರಗೆ ನಡಿಗೆ. ನಾನು ಆ ಹುಡುಗಿಗೆ ಹೇಳಿದೆ, ನಮ್ಮ ರಸ್ತೆಯಲ್ಲಿ ಬೆಳಿಗ್ಗೆ ಐದೂವರೆಗೆ ಆನೆ ಇರುತ್ತದಮ್ಮ. ಅವಳು ತಮಾಷೆ ಅಂದುಕೊಂಡಳು. ತಮಾಷೆ ಅಲ್ಲ, ಕೊಡಗಿನ ತೋಟದ ದಾರಿಗಳಲ್ಲಿ ಕತ್ತಲಲ್ಲಿ ನಡೆದು ಆನೆಗೆ ಸಿಕ್ಕಿ ಸತ್ತವರಿದ್ದಾರೆ. ಜೂನ್‌ನಿಂದ ಸೆಪ್ಟೆಂಬರ್ ಮಳೆ, ಜಿಗಣೆ. ಪಾಪ ಅವಳ ತಪ್ಪಲ್ಲ, ಕೈಗೆ ಕೊಟ್ಟ ಪಟ್ಟಿ ಓದುತ್ತಿದ್ದಳು. ಆದರೆ ಆ ದುಡ್ಡು ದಂಡ, ಕಟ್ಟಬೇಡಿ.

ನಾವು ಮಾಡಿದ್ದು ಇಷ್ಟು. ಏಪ್ರಿಲ್, ಮೇ ಖಾಲಿ ಕಣದ ಸುತ್ತ ನಡೆದೆವು. ಸಂಜೆ ನಾಲ್ಕೂವರೆಗೆ, ಅಕ್ಕ ನಮ್ಮಲ್ಲೇ ಇದ್ದಳು, ಇಬ್ಬರೂ ಅರ್ಧ ಗಂಟೆ. ವಾರಕ್ಕೆ 150 ನಿಮಿಷ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಐದು ದಿನಕ್ಕೆ ಸರಿಹೋಯಿತು. ಮಳೆ ಹಿಡಿದ ಮೇಲೆ ಕಣದಲ್ಲಿ ಪಾಚಿ, ಕಾಲು ಜಾರುತ್ತದೆ. ಆಗ ಜಗಲಿಯ ಉದ್ದಕ್ಕೆ ಹೋಗಿ ಬಂದೆವು, ಮೆಟ್ಟಿಲು ಹತ್ತಿ ಇಳಿದೆವು. ಜನವರಿಯಲ್ಲಿ ಕಣ ತುಂಬಿದಾಗ ಕಾಫಿ ಹರಡಿ ಎಳೆಯುವ ಕೆಲಸವೇ ಸಾಕಷ್ಟು ಆಗುತ್ತದೆ. ಅಕ್ಕಿ ರೊಟ್ಟಿ ಬಿಟ್ಟಿಲ್ಲ, ಮೂರು ಇದ್ದದ್ದು ಒಂದೂವರೆ ಆಯಿತು, ಜೊತೆಗೆ ಹುರುಳಿ ಪಲ್ಯ ಅಥವಾ ಸೊಪ್ಪು. ಮಳೆಗಾಲದಲ್ಲಿ ಕಳಲೆ, ಕೆಸು, ಅಣಬೆ ಹೇಗೂ ಇರುತ್ತದೆ. ದಿನಕ್ಕೆ ಆರು ಕಾಫಿಯಲ್ಲಿ ಹೋಗುತ್ತಿದ್ದ ಸಕ್ಕರೆ ಲೆಕ್ಕ ಹಾಕಿ ನಾನೇ ಗಾಬರಿಯಾದೆ, ಈಗ ಎರಡು ಕಾಫಿ, ಒಂದಕ್ಕೆ ಮಾತ್ರ ಬೆಲ್ಲ. ಹಬ್ಬದ ದಿನ ಹಂದಿ ಕರಿ, ಕಡುಬು ತಿಂದೆವು. ಕೈಲ್‌ಪೊಳ್ದು ಹಬ್ಬಕ್ಕೆ ಗೆಳತಿಯ ಮನೆಗೆ ಕರೆದಾಗ ಲೆಕ್ಕ ಹಾಕದೆ ತಿಂದೆ, ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಬಿಟ್ಟದ್ದು ವೈನ್. ನಮ್ಮ ಕಡೆ ಮನೆಯಲ್ಲೇ ಮಾಡಿದ ವೈನ್ ಹೆಂಗಸರಿಗೂ ಒಂದು ಲೋಟ ಕೊಡುತ್ತಾರೆ, ಆರೋಗ್ಯಕ್ಕೆ ಒಳ್ಳೆಯದು ಅಂತಲೇ ಕೊಡುತ್ತಾರೆ. ಮದ್ಯ ಸ್ವಲ್ಪವೇ ಆದರೂ ಸ್ತನ ಕ್ಯಾನ್ಸರಿನ ಅಪಾಯ ಏರಿಸುತ್ತದೆ, ಅದು ಮನೆಯ ದ್ರಾಕ್ಷಿಯದ್ದಾದರೂ ಅಷ್ಟೆ. ಅಕ್ಕನ ಮುಂದೆ ನನಗೆ ಕುಡಿಯಲು ಮನಸ್ಸೂ ಬರಲಿಲ್ಲ.

ಯಾರು ತೆಗೆದುಕೊಳ್ಳಬಹುದು? ಮುಟ್ಟು ನಿಂತವರು, ನಿಲ್ಲುವ ಹತ್ತಿರ ಇರುವವರು, ಚಿಕಿತ್ಸೆ ಮುಗಿಸಿ ಮತ್ತೆ ಮೈ ಸರಿ ಮಾಡಿಕೊಳ್ಳುತ್ತಿರುವವರು ತೆಗೆದುಕೊಂಡರೆ ನಷ್ಟ ಇಲ್ಲ, ಆದರೆ ಬಿಎಂಐ ಬಣ್ಣ ನೋಡಬೇಡಿ, 23 ನಿಮ್ಮ ಗೆರೆ ಅಂತ ಒಂದು ಚೀಟಿ ಬರೆದು ಮಷೀನಿನ ಮೇಲೆ ಅಂಟಿಸಿ. ನಾನು ಹಾಗೇ ಮಾಡಿದ್ದೇನೆ. ದಿನಾ ಹತ್ತಿ ನಂಬರ್ ನೋಡಿ ಕೊರಗುವ ಸ್ವಭಾವ ಇದ್ದರೆ ಬೇಡ, ಟೇಪ್ ಸಾಕು. ಇದು ಕಾಯಿಲೆ ಹಿಡಿಯುವ ಮಷೀನಂತೂ ಅಲ್ಲವೇ ಅಲ್ಲ. ಕೊಬ್ಬು 25 ಬಂತು ಅಂತ ಎದೆಯ ಗಂಟನ್ನು ಬಿಟ್ಟು ಕೂರಬೇಡಿ. 30 ದಾಟಿದ ಹೆಂಗಸರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಸ್ತನ ತಪಾಸಣೆ ಮಾಡುವ ಕಾರ್ಯಕ್ರಮ ಇದೆ, ದುಡ್ಡು ಕೊಡಬೇಕಾಗಿಲ್ಲ, ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ. ತೋಟದ ಕೆಲಸದವರ ಲೈನ್ ಮನೆಯ ಹೆಂಗಸರನ್ನೂ ಕರೆದುಕೊಂಡು ಹೋಗಿ. ಅವರಿಗೆ ರಜೆ ಸಿಗುವುದು ಕಷ್ಟ, ಕೂಲಿ ತಪ್ಪುತ್ತದೆ, ತೋಟದವರು ನಾವೇ ಅರ್ಧ ದಿನ ಸಂಬಳ ಕೊಟ್ಟು ಕಳಿಸಬೇಕು. ಜುಲೈನಲ್ಲಿ ನಮ್ಮಲ್ಲಿಂದ ಆರು ಜನ ಹೋಗಿ ಬಂದರು.

ಈಗ ನವೆಂಬರ್. ನನ್ನ ತೂಕ 55, ಸೊಂಟ 83, ಕೊಬ್ಬು 33ರ ಹತ್ತಿರ. 80ಕ್ಕೆ ಇನ್ನೂ ಮೂರು ಬಾಕಿ. ಮೂರು ಕೆಜಿ ಏನು ಮಹಾ ಅನ್ನಬಹುದು. 50 ದಾಟಿದ 1 ಲಕ್ಷ 80 ಸಾವಿರ ಹೆಂಗಸರನ್ನು ನೋಡಿದ 2020ರ ಒಂದು ಅಧ್ಯಯನದಲ್ಲಿ, ಎರಡರಿಂದ ನಾಲ್ಕೂವರೆ ಕೆಜಿ ಇಳಿಸಿ ಮತ್ತೆ ಏರದ ಹಾಗೆ ನೋಡಿಕೊಂಡವರಿಗೂ ಸ್ತನ ಕ್ಯಾನ್ಸರ್ ಅಪಾಯ ಶೇಕಡಾ 13 ಕಡಿಮೆ ಇತ್ತು. ಅಕ್ಕನ ಸೊಂಟ 87ಕ್ಕೆ ಬಂದಿದೆ. ಹೋದ ತಿಂಗಳು ಮೈಸೂರಿಗೆ ಹೋದಾಗ ನರ್ಸ್ ಟೇಪ್ ತೆಗೆಯುವ ಮೊದಲೇ ಅಕ್ಕ ತಾನೇ ನಂಬರ್ ಹೇಳಿದಳು.

ಬ್ಯಾಟರಿ ಮೂರು ಬೇಕು, ಎಂಟು ತಿಂಗಳಿಗೆ ಒಂದು ಸಲ ಬದಲಾಯಿಸಿದ್ದೇನೆ. ಮಳೆಗಾಲದಲ್ಲಿ ಬ್ಯಾಟರಿ ಇಡುವ ಜಾಗಕ್ಕೆ ತುಕ್ಕು ಹಿಡಿಯಲು ಶುರುವಾಗಿತ್ತು, ಒಣ ಬಟ್ಟೆಯಲ್ಲಿ ಒರೆಸಿ ಅಕ್ಕಿ ಡಬ್ಬಿಯ ಪಕ್ಕ ಬೆಚ್ಚಗಿನ ಜಾಗದಲ್ಲಿ ಇಟ್ಟೆ, ಈಗ ಸರಿಯಿದೆ. ಐದರಲ್ಲಿ ಮೂರು ಸ್ಟಾರ್ ಕೊಡುತ್ತೇನೆ. ಆ 25ರ ಗೆರೆ ತೆಗೆದು 23 ಹಾಕಿದ ದಿನ ನಾಲ್ಕು ಮಾಡುತ್ತೇನೆ. ಪುತ್ತರಿ ಹಬ್ಬ ಕಳೆದ ಮೇಲೆ ಇನ್ನೊಮ್ಮೆ ಅಳೆದು ಇಲ್ಲೇ ಸೇರಿಸುತ್ತೇನೆ.